ದಾವಣಗೆರೆಯಿಂದ ಹೊರಟು ಮೂರು ವಿಶ್ವವಿದ್ಯಾಲಯ ಸುತ್ತಿಸುವ ಸ್ನಾತಕೋತ್ತರ ಕೋರ್ಸ್: ಓದಿ ಬಂದವನ ವಿಮರ್ಶೆ

ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಹರಿಹರದ ಬಳಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತ ಮೂರು ವರ್ಷ ಕಳೆದ ಮೇಲೆ, ನಾನು ಅಂತರರಾಷ್ಟ್ರೀಯ ನಿರ್ವಹಣೆ ಮತ್ತು ಅಂತರಸಾಂಸ್ಕೃತಿಕ ಸಂವಹನ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸೇರಿದೆ. ಪಾಲುದಾರ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಕೋರ್ಸ್ ಇದು. ನಮ್ಮ ತಂಡಕ್ಕೆ ಮೊದಲ ಸೆಮಿಸ್ಟರ್ ಜರ್ಮನಿಯಲ್ಲಿ, ಎರಡನೆಯದು ಪೋಲೆಂಡಿನಲ್ಲಿ, ಮೂರನೆಯದು ಫ್ರಾನ್ಸಿನಲ್ಲಿ ನಡೆಯಿತು. ನಾಲ್ಕನೆಯದು ತರಬೇತಿಗೂ ಪ್ರಬಂಧಕ್ಕೂ ಮೀಸಲು. ಮುಂದೆ ಬರುವ ದೂರುಗಳು ಕಡಿಮೆಯೇನಿಲ್ಲವಾದ್ದರಿಂದ ಸಂಸ್ಥೆಗಳ ಹೆಸರನ್ನು ಬರೆಯುತ್ತಿಲ್ಲ. ಆದರೆ ಇಂಥ ಕೋರ್ಸುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ನಡೆಯುವುದರಿಂದ, ನಮ್ಮ ಕಡೆಯ ಹುಡುಗರು ಅರ್ಜಿ ಹಾಕುವ ಮುನ್ನ ಓದಿಕೊಳ್ಳಲು ಇದು ಉಪಯೋಗಕ್ಕೆ ಬಂದೀತು.

ಮೊದಲು ವ್ಯವಸ್ಥೆಯ ವಿಚಾರ. ಯುರೋಪಿನಲ್ಲಿ ವಿದ್ಯಾರ್ಥಿಯೊಬ್ಬ ಒಂದು ದೇಶದಲ್ಲಿ ಓದಿದ್ದನ್ನು ಇನ್ನೊಂದು ದೇಶ ಒಪ್ಪಿಕೊಳ್ಳಲು ಸಾಧ್ಯವಾಗಿರುವುದು, ಉನ್ನತ ಶಿಕ್ಷಣವನ್ನು ಒಂದಕ್ಕೊಂದು ಹೊಂದಿಸಿಕೊಳ್ಳಲು ಅಲ್ಲಿನ ದೇಶಗಳು ಒಪ್ಪಿದ 1999ರ ಬೊಲೊನ್ಯಾ ಘೋಷಣೆಯ ನಂತರ ಬಲಗೊಂಡ ಕ್ರೆಡಿಟ್ ಪದ್ಧತಿಯಿಂದ. ವರ್ಷಕ್ಕೆ 60 ಕ್ರೆಡಿಟ್, ಎರಡು ವರ್ಷಕ್ಕೆ 120. ಒಂದು ಕ್ರೆಡಿಟ್ ಎಂದರೆ ತರಗತಿ, ಓದು, ಪರೀಕ್ಷೆ ಎಲ್ಲ ಸೇರಿ 25ರಿಂದ 30 ಗಂಟೆಗಳ ದುಡಿಮೆ. ಆ ಲೆಕ್ಕದಲ್ಲಿ ಸೆಮಿಸ್ಟರಿಗೆ 750 ಗಂಟೆಗೆ ಕಡಿಮೆಯಿಲ್ಲದ ಕೆಲಸ ಬೀಳುತ್ತದೆ, ಮತ್ತು ಅದು ನಿಜವಾಗಿಯೂ ಬೀಳುತ್ತದೆ. ಪರೀಕ್ಷೆಯ ಹಿಂದಿನ ಹದಿನೈದು ದಿನ ಗಟ್ಟಿ ಕೂತರೆ ಸಾಕು ಎಂಬ ನಮ್ಮ ಪದವಿ ಕಾಲೇಜಿನ ರೂಢಿ ಅಲ್ಲಿ ಮೊದಲ ತಿಂಗಳಿನಲ್ಲೇ ಕೈಕೊಟ್ಟಿತು.

ಪಾಠದಲ್ಲಿ ನನಗೆ ಅತ್ಯಂತ ಲಾಭವಾದದ್ದು ಗುಂಪುಕೆಲಸದಿಂದ. ಐದು ಜನರ ಗುಂಪಿನಲ್ಲಿ ಒಂದೇ ದೇಶದವರು ಇಬ್ಬರು ಇರಬಾರದೆಂಬುದು ನಿಯಮ. ಮೊದಲ ಯೋಜನೆಯಲ್ಲೇ ನಾನು ಎಡವಿದೆ. ಮಾರುಕಟ್ಟೆ ವರದಿಯ ಒಂದು ಭಾಗವನ್ನು ಶುಕ್ರವಾರದೊಳಗೆ ಬರೆದುಕೊಡುವೆಯಾ ಎಂದು ಜರ್ಮನ್ ಸಹಪಾಠಿ ಕೇಳಿದಾಗ, ಆಗುವುದಿಲ್ಲವೆಂದು ಗೊತ್ತಿದ್ದೂ ನಾನು ಇಂಗ್ಲಿಷಿನಲ್ಲಿ ನಮ್ಮ ‘ನೋಡೋಣ’ವನ್ನೇ ಹೇಳಿದೆ. ದಾವಣಗೆರೆಯಲ್ಲಿ ಅಂಗಡಿಯವನು ಸಾಲ ಕೇಳಿದವನಿಗೆ ‘ನೋಡೋಣ’ ಎಂದರೆ ಕೇಳಿದವನು ಮರುಮಾತಾಡದೆ ಎದ್ದು ಹೋಗುತ್ತಾನೆ. ಆಕೆ ಹಾಗೆ ಎದ್ದು ಹೋಗಲಿಲ್ಲ; ನನ್ನ ಹೆಸರಿನ ಮುಂದೆ ಶುಕ್ರವಾರವೆಂದು ಬರೆದುಕೊಂಡಳು. ಶುಕ್ರವಾರ ಸಂಜೆ ನಡೆದ ಮಾತುಕತೆಯಲ್ಲಿ ಯಾರೂ ದನಿ ಏರಿಸಲಿಲ್ಲ. ಆದರೆ ಆಗದಿದ್ದರೆ ಆಗದು ಎಂದು ಸೋಮವಾರವೇ ಏಕೆ ಹೇಳಲಿಲ್ಲ ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಮಟ್ಟಿಗೆ ನಾನು ಸೋಮವಾರವೇ ಹೇಳಿಬಿಟ್ಟಿದ್ದೆ!

ಇದಕ್ಕೆ ಪಠ್ಯದಲ್ಲಿ ಹೆಸರಿದೆ. ಮಾತಿನಲ್ಲಿ ಹೇಳದೆ ಸಂದರ್ಭದಿಂದಲೇ ತಿಳಿಯಬೇಕಾದದ್ದು ಹೆಚ್ಚಿರುವ ಸಂಸ್ಕೃತಿಗಳು, ಹೇಳಿದ್ದಷ್ಟನ್ನೇ ಅರ್ಥವೆಂದು ಹಿಡಿಯುವ ಸಂಸ್ಕೃತಿಗಳು ಎಂಬ ವಿಂಗಡಣೆಯನ್ನು ಮುಂದಿಟ್ಟವನು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್. 1950ರ ದಶಕದಲ್ಲಿ ಅಮೆರಿಕದ ರಾಜತಾಂತ್ರಿಕರಿಗೆ ತರಬೇತಿ ಕೊಡುವ ಸಂಸ್ಥೆಯಲ್ಲಿ ಅವನು ಮಾಡಿದ ಕೆಲಸದಿಂದಲೇ ಈ ಶಾಸ್ತ್ರ ಹುಟ್ಟಿತೆಂದು ಹೇಳುವ ವಾಡಿಕೆಯಿದೆ. ಉಪನ್ಯಾಸಕರು ಇದಕ್ಕೆ ಜಪಾನಿನ ಉದಾಹರಣೆ ಕೊಡುತ್ತಿದ್ದಾಗ ನನಗೆ ನೆನಪಾದದ್ದು ದನದ ಸಂತೆ. ಅಲ್ಲಿ ದಲ್ಲಾಳಿ ವಲ್ಲಿಯ ಮರೆಯಲ್ಲಿ ಎದುರಿಗಿದ್ದವನ ಬೆರಳು ಹಿಡಿದು ದರ ಹೇಳುತ್ತಾನೆ, ಸುತ್ತ ಹತ್ತು ಜನ ನಿಂತಿದ್ದರೂ ವ್ಯಾಪಾರ ಇಬ್ಬರ ನಡುವೆಯೇ ಮುಗಿದುಹೋಗುತ್ತದೆ. ಅದನ್ನು ನಾನು ತರಗತಿಯಲ್ಲಿ ಮಾಡಿ ತೋರಿಸಿದೆ. ಆ ದಿನದಿಂದ ನನ್ನನ್ನು ಎಲ್ಲರೂ ಹೆಸರು ಹಿಡಿದು ಕರೆಯತೊಡಗಿದರು.

ಸಿದ್ಧಾಂತದ ಪಾಠಕ್ಕೆ ಇಷ್ಟು ಮೆಚ್ಚುಗೆ ಕೊಡಲಾರೆ. ಗೀರ್ಟ್ ಹೋಫ್‌ಸ್ಟೆಡ್ ಎಂಬ ಡಚ್ ವಿದ್ವಾಂಸ 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ನೌಕರರಿಂದ ತುಂಬಿಸಿದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳ ಆಧಾರದ ಮೇಲೆ ಪ್ರತಿ ದೇಶಕ್ಕೂ ಅಂಕ ಕೊಟ್ಟಿದ್ದಾನೆ. ಮೇಲಧಿಕಾರಿಯ ಮುಂದೆ ತಲೆಬಾಗುವ ಪ್ರವೃತ್ತಿಯನ್ನು ಅಳೆಯುವ ಅಧಿಕಾರದ ಅಂತರದಲ್ಲಿ ಭಾರತಕ್ಕೆ 77, ಜರ್ಮನಿಗೆ 35. ಈ ಅಂಕಪಟ್ಟಿಯನ್ನು ನಮಗೆ ಮೂರು ದೇಶಗಳಲ್ಲಿ ಮೂರು ಸಲ ಪಾಠ ಮಾಡಲಾಯಿತು. ಪಾಲುದಾರ ವಿಶ್ವವಿದ್ಯಾಲಯಗಳು ಒಂದರ ಪಠ್ಯಕ್ರಮವನ್ನು ಇನ್ನೊಂದು ತೆರೆದು ನೋಡಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಂದೇ ಕಂಪನಿಯ ನೌಕರರಿಂದ ಇಡೀ ದೇಶದ ಮನಸ್ಸನ್ನು ತೂಗುವುದು ಸರಿಯೇ ಎಂದು ಬ್ರೆಂಡನ್ ಮೆಕ್‌ಸ್ವೀನಿ ಎಂಬ ವಿದ್ವಾಂಸ 2002ರಲ್ಲಿ ಎತ್ತಿದ ಆಕ್ಷೇಪ ಮೂರನೆಯ ಸುತ್ತಿನಲ್ಲಿ ಮಾತ್ರ ಪಾಠದೊಳಗೆ ಬಂತು. ದಾವಣಗೆರೆಯ ಎ.ಪಿ.ಎಂ.ಸಿ.ಯಲ್ಲಿ ಒಂದು ಬೆಳಗ್ಗೆ ನಿಂತರೆ ಕನ್ನಡ, ಉರ್ದು, ಲಂಬಾಣಿ, ತೆಲುಗು, ಮಾರವಾಡಿ ಕಿವಿಗೆ ಬೀಳುತ್ತವೆ. ಮೆಕ್ಕೆಜೋಳದ ಮೂಟೆ ಹೊತ್ತ ಹಮಾಲಿ ದಲ್ಲಾಳಿಯ ಜೊತೆ ಕೂಲಿಗೆ ಜಗಳವಾಡುವ ಧಾಟಿಗೂ ಕಚೇರಿಯ ಗುಮಾಸ್ತ ಸಾಹೇಬರ ಮುಂದೆ ನಿಲ್ಲುವ ಧಾಟಿಗೂ ಸಂಬಂಧವೇ ಇಲ್ಲ. ಇವರೆಲ್ಲರಿಗೂ ಸೇರಿ 77.

ಆದರೂ ಪೋಲೆಂಡಿನಲ್ಲಿ ಸಿಕ್ಕ ಒಂದು ತರಗತಿಗಾಗಿ ಇಡೀ ಕೋರ್ಸನ್ನು ಕ್ಷಮಿಸಬಹುದು. ಅಮೆರಿಕದ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಬಂದು 2006ರಲ್ಲಿ ಅಂಗಡಿಗಳನ್ನು ಮಾರಿ ಹೊರಟುಹೋದ ಪ್ರಸಂಗ ಈ ವಿಷಯದ ಪ್ರತಿ ವಿದ್ಯಾರ್ಥಿಗೂ ಬಾಯಿಪಾಠ. ಬಾಗಿಲಲ್ಲಿ ನಿಂತು ಸ್ವಾಗತಿಸುವವರನ್ನೂ ನಗುಮುಖದ ಗುಮಾಸ್ತರನ್ನೂ ಕಂಡು ಜರ್ಮನರು ಇರಿಸುಮುರಿಸುಗೊಂಡರು, ಆದ್ದರಿಂದ ಕಂಪನಿ ಸೋತಿತು ಎಂದು ಮೊದಲ ಸೆಮಿಸ್ಟರಿನಲ್ಲಿ ಕಲಿತಿದ್ದೆವು. ಪೋಲೆಂಡಿನ ಉಪನ್ಯಾಸಕಿ ಆ ಕಥೆಯನ್ನು ಕೇಳಿ, ಹಾಗಾದರೆ ಲೆಕ್ಕ ಹಾಕಿ ಎಂದರು. ಆಲ್ಡಿ, ಲೀಡ್ಲ್‌ನಂಥ ಅಗ್ಗದ ಅಂಗಡಿಗಳು ಮೊದಲೇ ಊರೂರಿನಲ್ಲಿ ಬೇರುಬಿಟ್ಟಿದ್ದವು. ಖರೀದಿ ಬೆಲೆಗಿಂತ ಕಡಿಮೆಗೆ ಮಾರಬಾರದೆಂದು 2000ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರವೇ ತಡೆಯೊಡ್ಡಿತ್ತು. ನೌಕರರೇ ಆರಿಸಿದ ಕಾರ್ಮಿಕ ಮಂಡಳಿಗಳನ್ನು ಕೇಳದೆ ನೌಕರರ ನಿಯಮ ಬದಲಿಸಲು ಹೋಗಿ ಕಂಪನಿ ನ್ಯಾಯಾಲಯ ಹತ್ತಬೇಕಾಯಿತು. ಇವೆಲ್ಲವನ್ನು ಕೂಡಿದ ಮೇಲೆ ಉಳಿಯುವ ಚಿಲ್ಲರೆಯೇ ಸಂಸ್ಕೃತಿ ಎಂಬುದು ಅವರ ವಾದ; ಬೇರೆ ಕಾರಣ ಹುಡುಕಲು ಸೋಮಾರಿತನವಾದಾಗ ಮ್ಯಾನೇಜರುಗಳು ಸಂಸ್ಕೃತಿಯ ಹೆಸರು ಹೇಳುತ್ತಾರೆ ಎಂದೂ ಸೇರಿಸಿದರು.

ಈ ಮಾತನ್ನು ಕೋರ್ಸಿನ ಸಂಯೋಜಕರು ಬಂದು ಕೇಳಬೇಕಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ. ಏಕೆಂದರೆ ಎರಡು ವಿಶ್ವವಿದ್ಯಾಲಯಗಳು ಸಂಧಿಸುವ ಪ್ರತಿ ಜಾಗದಲ್ಲೂ ಹೊಲಿಗೆ ಬಿಚ್ಚಿತ್ತು, ಮತ್ತು ಪ್ರತಿ ಸಲವೂ ನಮಗೆ ಸಿಕ್ಕ ಉತ್ತರ ಒಂದೇ: ಇದನ್ನೂ ಅಂತರಸಾಂಸ್ಕೃತಿಕ ಕಲಿಕೆಯ ಭಾಗವೆಂದು ತಿಳಿಯಿರಿ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಮಾರ್ಚ್ 31ರವರೆಗೆ ಇರುತ್ತದೆ, ಹಾಸ್ಟೆಲ್ ಕರಾರೂ ಅಷ್ಟೇ. ಪೋಲೆಂಡಿನಲ್ಲಿ ಮುಂದಿನ ಸೆಮಿಸ್ಟರಿನ ತರಗತಿ ಫೆಬ್ರವರಿ ಕೊನೆಗೇ ಶುರುವಾಯಿತು. ಹೀಗಾಗಿ ಒಂದು ತಿಂಗಳು ಎರಡೂ ಕಡೆ ಬಾಡಿಗೆ ಕಟ್ಟಿದೆ. ಜರ್ಮನಿಯ ಮರುಪರೀಕ್ಷೆ ಮಾರ್ಚಿನಲ್ಲಿ ಬಂದದ್ದರಿಂದ ನನ್ನ ಗೆಳೆಯನೊಬ್ಬ ಪೋಲೆಂಡಿನ ಕಡ್ಡಾಯ ಹಾಜರಾತಿ ಬಿಟ್ಟು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ ಬರೆದು ಬಂದ. ಇದು ಸಂಸ್ಕೃತಿಯಲ್ಲ, ಎರಡು ಕ್ಯಾಲೆಂಡರುಗಳನ್ನು ಪಕ್ಕಪಕ್ಕ ಇಟ್ಟು ನೋಡದ ಆಲಸ್ಯ.

ವೀಸಾದ್ದೂ ಇದೇ ಕಥೆ. ಒಂದು ಸದಸ್ಯ ದೇಶದ ವಾಸ ಪರವಾನಗಿ ಇರುವ ವಿದ್ಯಾರ್ಥಿ, ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದವಿದ್ದರೆ, ಇನ್ನೊಂದು ದೇಶದಲ್ಲಿ ಹೊಸ ವೀಸಾ ಇಲ್ಲದೆ 360 ದಿನಗಳವರೆಗೆ ಓದಬಹುದೆಂದು ಐರೋಪ್ಯ ಒಕ್ಕೂಟದ 2016ರ ನಿರ್ದೇಶನವೊಂದು ಹೇಳುತ್ತದೆ (ಡೆನ್ಮಾರ್ಕ್ ಮತ್ತು ಐರ್ಲೆಂಡ್ ಇದರಿಂದ ಹೊರಗಿವೆ). ಒಳ್ಳೆಯ ಅವಕಾಶವೇ. ಆದರೆ ಹೋಗುವ ದೇಶಕ್ಕೆ ಮುಂಚಿತವಾಗಿ ತಿಳಿಸಬೇಕು, ಮತ್ತು ಆ ಕಾಗದ ಕಳಿಸಬೇಕಾದ ಕಚೇರಿಗೆ ಅದು ತನ್ನ ಕೆಲಸವೆಂದೇ ಗೊತ್ತಿರಲಿಲ್ಲ. ಹೊಸಬರು ಈ ನಿರ್ದೇಶನದ ಪ್ರತಿಯನ್ನು ತಾವೇ ಕೈಯಲ್ಲಿ ಹಿಡಿದು ಹೋಗುವುದು ಲೇಸು.

ಅಂಕಗಳ ವಿಷಯದಲ್ಲಿ ಮನೆಯವರಿಗೆ ತಿಳಿಹೇಳುವುದೇ ಒಂದು ಸಾಹಸ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ದಾಟಿದರೆ ನಪಾಸು. ಪೋಲೆಂಡಿನಲ್ಲಿ 5 ಬಹಳ ಉತ್ತಮ, ಪಾಸಾಗಲು 3 ಕನಿಷ್ಠ. ಫ್ರಾನ್ಸಿನಲ್ಲಿ 20ಕ್ಕೆ 10 ಪಾಸು. ನನಗೆ 1.3 ಬಂದಿದೆ ಎಂದಾಗ ಅಪ್ಪ ಫೋನಿನಲ್ಲಿ ಸುಮ್ಮನಾದರು. ನಗುವಂಥದ್ದಲ್ಲದ ಸಂಗತಿಯೆಂದರೆ ಪರಿವರ್ತನೆ. ಗರಿಷ್ಠ ಅಂಕದಿಂದ ಪಡೆದ ಅಂಕವನ್ನು ಕಳೆದು, ಗರಿಷ್ಠ ಮತ್ತು ಪಾಸಿನ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ ಒಂದು ಕೂಡುವ ಬವೇರಿಯನ್ ಸೂತ್ರವನ್ನು ನಮಗೆ ಅನ್ವಯಿಸಿದರು. ಫ್ರಾನ್ಸಿನಲ್ಲಿ 20ಕ್ಕೆ 14 ಎಂದರೆ ‘ಉತ್ತಮ’ ಎಂಬ ಶ್ರೇಣಿ, ಅಲ್ಲಿನ ಅಧ್ಯಾಪಕರು ಅದನ್ನು ಸುಲಭಕ್ಕೆ ಕೊಡುವುದಿಲ್ಲ. ಸೂತ್ರದಲ್ಲಿ ಅದು 2.8 ಆಗಿ, ಜರ್ಮನಿಯ ಲೆಕ್ಕದಲ್ಲಿ ಬರೀ ‘ತೃಪ್ತಿಕರ’ಕ್ಕೆ ಇಳಿಯಿತು. 20ಕ್ಕೆ 20 ಯಾರಿಗೂ ಕೊಡದ ದೇಶದ ಅಂಕವನ್ನು, 1 ಕೊಡಲು ಹಿಂಜರಿಯದ ದೇಶದ ಅಂಕಕ್ಕೆ ಬರೀ ಗಣಿತದಿಂದ ಹೊಂದಿಸಿದರೆ ಇನ್ನೇನಾದೀತು?

ಖರ್ಚಿಗೆ ಬಂದರೆ, ನಮ್ಮದು ಐರೋಪ್ಯ ಒಕ್ಕೂಟ ಹಣ ಕೊಟ್ಟು ನಡೆಸುವ ಎರಾಸ್ಮಸ್ ಮುಂಡುಸ್ ಪಟ್ಟಿಯಲ್ಲಿಲ್ಲದ ಕೋರ್ಸ್. ಆ ಪಟ್ಟಿಯ ಕೋರ್ಸಿಗೆ ವಿದ್ಯಾರ್ಥಿವೇತನ ಸಹಿತ ಆಯ್ಕೆಯಾದರೆ ತಿಂಗಳಿಗೆ 1,400 ಯೂರೋ ಸಿಗುತ್ತದೆ, ಶುಲ್ಕವೂ ಇಲ್ಲ. ಅರ್ಜಿ ಹಾಕುವವರು ಮೊದಲು ಅದನ್ನೇ ಹುಡುಕಬೇಕು. ಇಲ್ಲದಿದ್ದರೆ ಜರ್ಮನಿಯ ವೀಸಾಕ್ಕಾಗಿ ವರ್ಷಕ್ಕೆ 11,904 ಯೂರೋವನ್ನು ಮುಂಗಡವಾಗಿ ನಿರ್ಬಂಧಿತ ಖಾತೆಯಲ್ಲಿ ಇಡಬೇಕು, ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರಿನಿಂದ, ಇಲ್ಲಿನ ಅಂಕಪಟ್ಟಿಗಳು ಅಸಲಿಯೇ ಎಂದು ಜರ್ಮನಿಯ ಪರವಾಗಿ ಪರಿಶೀಲಿಸಿ ಕೊಡುವ ಎ.ಪಿ.ಎಸ್. ಪ್ರಮಾಣಪತ್ರವೂ ಕಡ್ಡಾಯವಾಗಿದೆ; ಈ ಪರಿಶೀಲನೆಗೆ ಸಮಯ ಹಿಡಿಯುವುದರಿಂದ ಪ್ರವೇಶದ ಅರ್ಜಿಗಿಂತ ಮುಂಚೆಯೇ ಇದನ್ನು ಶುರುಮಾಡಬೇಕು. ನಮ್ಮೂರಿನ ಮಾರ್ಗದರ್ಶನ ಕೇಂದ್ರವೊಂದಕ್ಕೆ ಹೋದಾಗ ಅವರು ಇದ್ಯಾವುದನ್ನೂ ಹೇಳದೆ, ದುಬಾರಿ ಖಾಸಗಿ ಕಾಲೇಜುಗಳ ಬಣ್ಣದ ಪುಸ್ತಿಕೆಗಳನ್ನೇ ಮುಂದಿಟ್ಟರು. ಚಹಾ ಚೆನ್ನಾಗಿತ್ತು.

ಕೋರ್ಸಿನಿಂದ ಕೆಲಸಕ್ಕೆ ಏನು ದಕ್ಕಿತು ಎಂದರೆ, ಅದೇ ಕಾರ್ಖಾನೆಗೆ ಹೆಚ್ಚಿನ ಜವಾಬ್ದಾರಿಯ ಮೇಲೆ ಮರಳಿದ್ದೇನೆ. ಮುಂಚೆ ಸರಕು ತಡವಾದಾಗ ಜರ್ಮನಿಯ ಗಿರಾಕಿಗೆ, ತಮ್ಮ ಸಹಕಾರಕ್ಕೆ ಚಿರಋಣಿ ಎಂದು ಆರಂಭಿಸಿ, ಮಳೆ, ವಿದ್ಯುತ್ತು, ಲಾರಿ ಮುಷ್ಕರಗಳನ್ನೆಲ್ಲ ದಾಟಿ, ಕೊನೆಯ ಸಾಲಿನಲ್ಲಿ ಸ್ವಲ್ಪ ವಿಳಂಬವಾಗಬಹುದು ಎಂದು ಮುಗಿಸುತ್ತಿದ್ದೆವು. ಈಗ ಮೊದಲ ಸಾಲಿನಲ್ಲೇ ಸರಕು 11 ದಿನ ತಡ, ಹೊಸ ದಿನಾಂಕ ಇಂಥದ್ದು ಎಂದು ಬರೆಯುತ್ತೇನೆ. ಹೀಗೆ ಒರಟಾಗಿ ಬರೆದರೆ ಗಿರಾಕಿ ಕೈತಪ್ಪುತ್ತಾನೆ ಎಂದು ಮಾಲೀಕರು ಹೆದರಿದ್ದರು. ಗಿರಾಕಿ ಧನ್ಯವಾದ ಹೇಳಿ ಇನ್ನಷ್ಟು ಸರಕು ಕೇಳಿದ. ಇಷ್ಟಕ್ಕೆ ಎರಡು ವರ್ಷ ಮೂರು ದೇಶ ಬೇಕಿತ್ತೇ ಎಂದು ಮಾಲೀಕರು ಆಗಾಗ ಕೆಣಕುತ್ತಾರೆ. ಪುಸ್ತಕ ಓದಿ ಇದು ಬರುತ್ತಿರಲಿಲ್ಲ, ಆ ಶುಕ್ರವಾರದ ಸಂಜೆ ಬೇಕಿತ್ತು ಎಂಬುದು ನನ್ನ ನಂಬಿಕೆ. ವ್ಯಾಪಾರದ ಮನೆತನದವರಿಗೆ, ಎರಡು ಮೂರು ವರ್ಷ ದುಡಿದ ಅನುಭವವಿರುವವರಿಗೆ ಈ ಕೋರ್ಸನ್ನು ಧೈರ್ಯವಾಗಿ ಹೇಳುತ್ತೇನೆ. ಪದವಿ ಮುಗಿದ ಮರುತಿಂಗಳೇ ಹೊರಡುವವರಿಗೆ, ಅದರಲ್ಲೂ ಮನೆ ಅಡವಿಟ್ಟು ಸಾಲ ತೆಗೆಯಬೇಕಾದವರಿಗೆ, ಹೇಳುವುದಿಲ್ಲ. ಐದಕ್ಕೆ ಮೂರು ನಕ್ಷತ್ರ. ಪೋಲೆಂಡಿನ ಉಪನ್ಯಾಸಕಿಗೆ ಪ್ರತ್ಯೇಕವಾಗಿ ಐದು.

ಸೇರುವ ಮುನ್ನ, ಕೊನೆಯಲ್ಲಿ ಕೊಡುವುದು ಎಲ್ಲ ವಿಶ್ವವಿದ್ಯಾಲಯಗಳ ಮುದ್ರೆಯಿರುವ ಒಂದೇ ಜಂಟಿ ಪದವಿಯೋ, ಬೇರೆ ಬೇರೆ ಎರಡು ಪದವಿಗಳೋ ಎಂದು ಲಿಖಿತವಾಗಿ ಕೇಳಿಕೊಳ್ಳಿ. ಭಾರತದಲ್ಲಿ ಸರ್ಕಾರಿ ಕೆಲಸಕ್ಕೋ ಪಿಎಚ್.ಡಿ.ಗೋ ಹೋಗುವವರಿಗೆ ತತ್ಸಮಾನತೆಯ ಪತ್ರ ಬೇಕಾಗುತ್ತದೆ, ಮತ್ತು ಯು.ಜಿ.ಸಿ. ಇದಕ್ಕಾಗಿ 2025ರಲ್ಲಿ ಹೊಸ ನಿಯಮ ತಂದಿದೆ. ನಮ್ಮದು ಎರಡು ಪದವಿಗಳ ಕೋರ್ಸ್. ಒಂದು ಪ್ರಮಾಣಪತ್ರ ಮೂರು ತಿಂಗಳಲ್ಲಿ ದಾವಣಗೆರೆಯ ಮನೆಗೆ ಬಂತು, ಅಪ್ಪ ಅದಕ್ಕೆ ಕಟ್ಟು ಹಾಕಿಸಿದರು. ಎರಡನೆಯದು ಎಲ್ಲಿದೆ ಎಂದು ಕೇಳಿದ್ದಕ್ಕೆ ‘ಸದ್ಯದಲ್ಲೇ’ ಎಂಬ ಉತ್ತರ ಬಂದು ಐದು ತಿಂಗಳಾಯಿತು. ಕಳೆದ ವಾರ ಮತ್ತೆ ಬರೆದಿದ್ದೇನೆ, ಮೊದಲ ಸಾಲಿನಲ್ಲೇ ದಿನಾಂಕ ಹಾಕಿ.