ಬರೆದುಕೊಂಡವರಿಗೆ ನಾಲ್ಕು ಸ್ಟಾರ್

ಹೋಟೆಲ್, ಮಿಕ್ಸರ್, ಮೊಬೈಲ್ ಅಂಗಡಿ ಬಗ್ಗೆ ಎಲ್ಲರೂ ರಿವ್ಯೂ ಬರೆಯುತ್ತಾರೆ. ಗಂಡನ ಕೈಯಲ್ಲಿ ಏಟು ತಿಂದ ಹೆಣ್ಣುಮಗಳು ಹೋಗಿ ಕೂರುವ ಸಮಾಲೋಚನೆ ಕೇಂದ್ರದ ಬಗ್ಗೆ ಯಾರೂ ಬರೆಯಲ್ಲ. ಅಲ್ಲಿಗೆ ಹೋಗಿದ್ದೆ ಅಂತ ಯಾರು ಹೇಳಿಕೊಳ್ತಾರೆ, ಅಲ್ವಾ? ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಕೇಂದ್ರದ ಹೆಸರಾಗಲಿ ಓಣಿಯಾಗಲಿ ಹೇಳಲ್ಲ, ಯಾಕಂದ್ರೆ ಹೆಂಡತಿಯನ್ನ ಹುಡುಕಿಕೊಂಡು ಅಲೆಯುವ ಗಂಡಂದಿರೂ ಇದನ್ನ ಓದಬಹುದು. ಕಲಬುರಗಿಯಲ್ಲಿದೆ, ಒಂದು ಸಂಸ್ಥೆಯವರು ನಡೆಸುತ್ತಾರೆ, ದುಡ್ಡು ತಗೊಳ್ಳಲ್ಲ. ಅಷ್ಟು ಸಾಕು.

ನನ್ನದು ಜೋಳದ ರೊಟ್ಟಿ ಕೇಂದ್ರ. ಏಳು ಜನ ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಬೆಳಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ, ರೊಟ್ಟಿ ಬಡಿಯುವ ಸದ್ದಿನಲ್ಲಿ ಇವತ್ತು ಯಾರು ಬಂದಿದ್ದಾರೆ ಯಾರು ಬಂದಿಲ್ಲ ಅಂತ ನನಗೆ ಗೊತ್ತಾಗುತ್ತದೆ, ಒಬ್ಬೊಬ್ಬರ ಕೈದೂ ಒಂದೊಂದು ಸದ್ದು. ಹೋದ ವರ್ಷ ಶ್ರಾವಣ ಮುಗಿದ ಮೇಲೆ ಒಂದಿನ ಒಂದು ಸದ್ದು ಸೋತಂಗಿತ್ತು. ಮೂಲೆ ಒಲೆಯ ಹುಡುಗಿ ಬಲಗೈ ಮಡಿಲಲ್ಲಿ ಇಟ್ಟುಕೊಂಡು ಎಡಗೈ ಒಂದರಲ್ಲೇ ಬಡಿಯುತ್ತಿದ್ದಳು. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದುಹೋಗಿತ್ತು.

"ಕೈಗೆ ಏನಾಗ್ಯದ ಬೇ?"

"ಬಚ್ಚಲದಾಗ ಬಿದ್ದೀನ್ರಿ ಅಕ್ಕೋರೆ."

ಹಿಂದಿನ ತಿಂಗಳೂ ಅದೇ ಬಚ್ಚಲು. ಆದರೆ ಮಣಿಕಟ್ಟಿನ ಸುತ್ತ ನಾಲ್ಕು ಬೆರಳು ನೀಲಿಯಾಗಿ ಮೂಡಿದ್ದವು. ಬಚ್ಚಲಿಗೆ ಬೆರಳು ಇರ್ತವಾ?

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ಸಿಟ್ಟಿನಲ್ಲಿ ಅವಳನ್ನ ಆಟೋದಲ್ಲಿ ಕೂರಿಸಿಕೊಂಡು ನೇರ ಠಾಣೆಗೆ ಹೋದೆ. ಯಾವ ಠಾಣೆ ಅಂತ ಬೇಡ. ಅಲ್ಲಿದ್ದವರು ಕೆಟ್ಟವರೇನಲ್ಲ. ಚಹಾ ತರಿಸಿದರು, ಎಲ್ಲ ಕೇಳಿಸಿಕೊಂಡರು, ಕಡೆಗೆ "ಕಂಪ್ಲೇಂಟ್ ಕೊಟ್ರ ಸಂಸಾರ ಒಡೀತದವ್ವ, ಗಂಡನ್ನ ಕರೆಸಿ ಬುದ್ಧಿ ಹೇಳ್ತೀವಿ" ಅಂದರು. ಜೇಬಿನಲ್ಲಿದ್ದ ಪೆನ್ನು ಜೇಬಿನಲ್ಲೇ ಇತ್ತು. ಗಂಡನನ್ನ ಕರೆಸಿದರು, ಬುದ್ಧಿಯನ್ನೂ ಹೇಳಿದರು, ಆ ರಾತ್ರಿ ಅವಳಿಗೆ ಇನ್ನೊಂದು ಸಲ ಬಿತ್ತು. ಆಮೇಲೆ ಗೊತ್ತಾಗಿದ್ದು ಏನಂದ್ರೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 5ನೇ ಕಲಂ ಪ್ರಕಾರ, ಇಂಥ ದೂರು ಬಂದಾಗ ನಿನಗೆ ರಕ್ಷಣೆ ಆದೇಶ ಸಿಗುತ್ತದೆ, ನೆರವಿಗೆ ಸಂರಕ್ಷಣಾಧಿಕಾರಿ ಅಂತ ಸರ್ಕಾರದವರು ಇದ್ದಾರೆ, ಪುಕ್ಕಟೆ ವಕೀಲರು ಸಿಗ್ತಾರೆ ಅಂತ ಆ ಹೆಣ್ಣುಮಗಳಿಗೆ ತಿಳಿಸುವುದು ಪೊಲೀಸರದೇ ಕೆಲಸ.

ಮರುದಿನ 181ಕ್ಕೆ ಫೋನ್ ಮಾಡಿದೆ. ಇದು ಹೆಣ್ಣುಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಆಗಲೇ ಹೊಡೀತಿದ್ದರೆ, ಜೀವಕ್ಕೆ ಅಪಾಯ ಇದ್ದರೆ 112. ಎರಡೂ ನಂಬರನ್ನ ನಮ್ಮ ಕೇಂದ್ರದಲ್ಲಿ ಹಿಟ್ಟಿನ ಡಬ್ಬಿ ಮೇಲೆ ಬರೆದಿಟ್ಟಿದ್ದೇನೆ. ಗೋಡೆ ಮೇಲೆ ಬರೆದರೆ ಗಂಡಂದಿರು ಕರೆಯೋಕೆ ಬಂದಾಗ ನೋಡ್ತಾರೆ.

ಫೋನ್ ಆದ ಮೇಲೆ ಹೋದ ಆ ಸಮಾಲೋಚನೆ ಕೇಂದ್ರದ ವಿಷಯಕ್ಕೆ ಈಗ ಬರ್ತೀನಿ. ಎರಡು ರೂಮು, ಒಂದು ಫ್ಯಾನು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಮಕ್ಕಳಿಗೆ ಅಂತ ಒಂದು ಪಾಟಿ ಮತ್ತು ಮುರಿದ ಬಳಪ. ಸಮಾಲೋಚಕಿ ನಲವತ್ತು ದಾಟಿದ ಹೆಂಗಸು. ಏನಾಯ್ತು ಅಂತ ಕೇಳಲಿಲ್ಲ. "ಊಟ ಆಗ್ಯದಾ?" ಅಂದರು. ಆಗಿರಲಿಲ್ಲ. ತಮ್ಮ ಡಬ್ಬಿ ಬಿಚ್ಚಿ ಎರಡು ಚಪಾತಿ ಕೊಟ್ಟರು. (ರೊಟ್ಟಿ ಕೇಂದ್ರದವರಿಗೆ ಚಪಾತಿ. ಇರಲಿ.) ಆಮೇಲೆ ನನ್ನನ್ನ ಹೊರಗೆ ಕೂರಲು ಹೇಳಿದರು. ಕೆಲಸ ಬಿಟ್ಟು ಕರಕೊಂಡು ಬಂದವಳು ನಾನು, ನನ್ನನ್ನೇ ಹೊರಗೆ ಕಳಿಸ್ತಾರಲ್ಲ ಅಂತ ಸಿಟ್ಟು ಬಂತು. ಆದರೆ ಯೋಚನೆ ಮಾಡಿದರೆ ಅದೇ ಸರಿ, ಸಂಬಳ ಕೊಡುವ ಅಕ್ಕೋರ ಎದುರು ಯಾವ ಹುಡುಗಿ ಎಲ್ಲ ಬಾಯಿ ಬಿಟ್ಟು ಹೇಳ್ತಾಳೆ?

ಒಂದು ಮುಕ್ಕಾಲು ತಾಸು ಆಯ್ತು. ಒಳಗೆ ಹೋದಾಗ ಅವರು ಬರೆದದ್ದನ್ನ ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಅವಳಿಗೆ ಓದು ಬರಲ್ಲ. "ಹಲ್ಲೆ ನಡೆಸಿರುತ್ತಾರೆ" ಅಂತ ಕಚೇರಿ ಭಾಷೆಯಲ್ಲಿ ಬರೆದಿರಲಿಲ್ಲ. "ತೊಗರಿ ಮಾರಿದ ರೊಕ್ಕ ಕೇಳಿದ್ದಕ್ಕೆ ಕೈ ಹಿಡಿದು ತಿರುವಿದ" ಅಂತ ಅವಳ ಮಾತಲ್ಲೇ ಇತ್ತು. ನಡುವೆ ಅವಳು ತಡೆದಳು, "ಅಲ್ರಿ, ಆವತ್ತು ಐತಾರ ಅಲ್ಲ, ಅಮಾಸಿ ಇತ್ತು." ಅವರು ಐತವಾರ ಹೊಡೆದುಹಾಕಿ ಅಮಾವಾಸ್ಯೆ ಅಂತ ತಿದ್ದಿ, ಪಕ್ಕದಲ್ಲಿ ಅವಳ ಹೆಬ್ಬೆಟ್ಟು ಒತ್ತಿಸಿದರು. ಆ ಒಂದು ತಿದ್ದುಪಡಿಗೇ ನಾನು ಒಂದು ಸ್ಟಾರ್ ಕೊಡ್ತೀನಿ.

ಏಟು ಮಾತ್ರ ಹಿಂಸೆ ಅಂದುಕೊಂಡಿದ್ದೆ ನಾನು. ಕಾಯ್ದೆಯಲ್ಲಿ ಬೈಗುಳ, ಅವಮಾನ, ಲೈಂಗಿಕ ಹಿಂಸೆ, ದುಡ್ಡಿನ ವಿಷಯದ ಕಾಟ, ಎಲ್ಲ ಸೇರುತ್ತದೆ. ಇವಳ ಗೃಹಲಕ್ಷ್ಮಿ 2000 ರೂಪಾಯಿ ಅವಳ ಖಾತೆಗೇ ಬರುತ್ತಿತ್ತು, ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ. ಆಧಾರ್ ಕಾರ್ಡೂ ಅವನ ಹತ್ತಿರ. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಅಂತಾರೆ, ಆದರೆ ಕಂಡಕ್ಟರ್ ಗುರುತಿನ ಚೀಟಿ ಕೇಳ್ತಾನಲ್ಲ. ಹಾಗಾಗಿ ಈ ಹುಡುಗಿ ಮೂರು ತಿಂಗಳಿಂದ ದಿನಾ ದುಡ್ಡು ಕೊಟ್ಟು ಬರುತ್ತಿದ್ದಳಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಇದೆಲ್ಲ ಆ ವಹಿಯಲ್ಲಿ ಬರೆದ ಮೇಲೆ ಗೊತ್ತಾಗಿದ್ದು.

ಆಸ್ಪತ್ರೆಗೂ ಸಮಾಲೋಚಕಿ ಜೊತೆಗೆ ಬಂದರು. ಡಾಕ್ಟರ್ ಹೆಂಗಾಯ್ತು ಅಂತ ಕೇಳಿದ ತಕ್ಷಣ ಇವಳ ಬಾಯಿಂದ ರೂಢಿ ಪ್ರಕಾರ "ಬಚ್ಚಲ..." ಅಂತ ಬಂತು. ಸಮಾಲೋಚಕಿ ಏನೂ ಹೇಳಲಿಲ್ಲ, ಬೆನ್ನ ಮೇಲೆ ಕೈ ಇಟ್ಟರು ಅಷ್ಟೇ. "ಗಂಡ ತಿರುವ್ಯಾನ್ರಿ" ಅಂದಳು. ಚೀಟಿಯಲ್ಲಿ ಹಾಗೇ ಬರೆದರು. ಬಚ್ಚಲಲ್ಲಿ ಬಿದ್ದೆ ಅಂತ ಒಂದು ಸಲ ಆಸ್ಪತ್ರೆ ಕಾಗದದಲ್ಲಿ ಹತ್ತಿದರೆ, ಮುಂದೆ ಕೋರ್ಟಿನಲ್ಲಿ ಅವನ ವಕೀಲರು ಅದನ್ನೇ ಹಿಡಕೊಂಡು ಕೂರ್ತಾರೆ. ದಯವಿಟ್ಟು ಇದನ್ನ ನಿಮಗೆ ಗೊತ್ತಿರುವ ಹೆಣ್ಣುಮಕ್ಕಳಿಗೆ ಹೇಳಿ.

ಅಲ್ಲಿಂದ ಮುಂದೆ ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದಲ್ಲಿ ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಓ ಅವರೇ ಈ ಕಾಯ್ದೆಗೆ ಸಂರಕ್ಷಣಾಧಿಕಾರಿ ಅನ್ನುವುದು ನನಗಂತೂ ಗೊತ್ತಿರಲಿಲ್ಲ. ಅಲ್ಲಿ ಡಿಐಆರ್ ಅಂತ, ಮನೆಯೊಳಗೆ ನಡೆದ ಹಿಂಸೆಯ ಒಂದು ವರದಿ ತಯಾರಾಗಿ ಕೋರ್ಟಿಗೆ ಹೋಗುತ್ತದೆ. ಇವಳಿಗೆ ಇದ್ದ ದೊಡ್ಡ ಹೆದರಿಕೆ ಗಂಡ ಜೈಲಿಗೆ ಹೋಗ್ತಾನೆ, ಅತ್ತೆ ಮನೆಯವರು ನನ್ನ ಸುಮ್ನೆ ಬಿಡಲ್ಲ ಅಂತ. ಗಂಡ, ಅತ್ತೆ ಮನೆಯವರ ಕ್ರೌರ್ಯಕ್ಕೆ ಜೈಲು ಶಿಕ್ಷೆ ಕೊಡುವ, ಎಲ್ಲರ ಬಾಯಲ್ಲಿರುವ 498ಎ (2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ) ಬೇರೆ, ಇದು ಬೇರೆ. ಎಫ್‌ಐಆರ್ ಇಲ್ಲದೆಯೂ ಇಲ್ಲಿ ಹೊಡೀಬೇಡ ಅಂತ ಆದೇಶ, ಇರಲು ಜಾಗ, ತಿಂಗಳ ಖರ್ಚು ಕೇಳಬಹುದು. ಅಷ್ಟು ಹೇಳಿದ ಮೇಲೆ ಅವಳು ನೆಟ್ಟಗೆ ಕೂತಳು. ವಕೀಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಇದು ಸಿಗುತ್ತದೆ. ಅಷ್ಟರಲ್ಲಿ ಹೊರಗೆ ಒಬ್ಬರು ನನ್ನ ಹತ್ತಿರ 15,000 ಕೇಳಿದ್ದರು, ಕೊಡುವವಳೇ ಇದ್ದೆ.

ಈಗ ಬೈಗುಳದ ಭಾಗ. ಆ ಸಮಾಲೋಚಕಿ ವಾರಕ್ಕೆ ಮೂರೇ ದಿನ ಇರ್ತಾರೆ. ಎರಡನೇ ಸಲ ಹೋದಾಗ ಬೇರೆಯವರಿದ್ದರು. ಅವರು ಗಂಡನನ್ನೂ ಕರೆಸಿದ್ದರು. ಅವನು ಅರ್ಧ ತಾಸು "ಆಕಿ ಎದುರು ಮಾತಾಡ್ತಾಳ್ರಿ, ಮನಿ ಬಿಟ್ಟು ಕೆಲಸಕ್ಕ ಹೋಗ್ತಾಳ್ರಿ" ಅಂತ ಲೆಕ್ಕ ಒಪ್ಪಿಸಿದ, ಇವರು ತಲೆ ಆಡಿಸುತ್ತ ಕೂತರು. ಕಡೆಗೆ ಇವಳಿಗೇ "ನೀನೂ ಬಾಯಿ ಸ್ವಲ್ಪ ಕಡಿಮಿ ಮಾಡವ್ವ" ಅಂದರು. ವಹಿ ಮುಚ್ಚೇ ಇತ್ತು. ನನ್ನ ಮೈ ಉರಿದುಹೋಯ್ತು. ಈ ಕಾಯ್ದೆಗೆ 2006ರಲ್ಲಿ ಬಂದ ನಿಯಮಗಳಲ್ಲಿ, ಕೋರ್ಟ್ ಕಳಿಸುವ ಸಮಾಲೋಚನೆಯಲ್ಲಿ ಹೊಡೆದದ್ದಕ್ಕೆ ಗಂಡ ಸಮರ್ಥನೆ ಕೊಡುವಂತೆಯೇ ಇಲ್ಲ, ಅದನ್ನ ಶುರುವಿಗೇ ಅವನಿಗೆ ಹೇಳಬೇಕು ಅಂತಿದೆ. ಇದು ಕೋರ್ಟ್ ಕಳಿಸಿದ್ದಲ್ಲ, ಒಪ್ಪುತ್ತೇನೆ. ಆದರೂ ಇಂಥ ಕೆಲಸಕ್ಕೆ ಕೂತವರಿಗೆ ಅಷ್ಟು ತಿಳಿದಿರಬೇಡವಾ? ನೀವು ಹೋದರೆ ವಹಿ ತೆರೀತಾರಾ ನೋಡಿ. ತೆರೆಯದಿದ್ದರೆ ಇನ್ನೊಬ್ಬರನ್ನ ಕೇಳಿ, ಸಂಕೋಚ ಬೇಡ.

ಇನ್ನೊಂದು, ಐದೂವರೆಗೆ ಬೀಗ ಹಾಕ್ತಾರೆ. ಕುಡಿದು ಬರುವ ಗಂಡ ಐದೂವರೆ ಒಳಗೆ ಬರ್ತಾನಾ? ರಾತ್ರಿಗೆ ಸರ್ಕಾರದ ಸಖಿ ಕೇಂದ್ರಗಳಿವೆ, ಜಿಲ್ಲೆಗಳಲ್ಲಿ 24 ತಾಸು ನಡೆಯುವ ವ್ಯವಸ್ಥೆ ಅದು, ಐದು ದಿನದವರೆಗೆ ಇರಲು ಜಾಗ ಕೊಡುವ ನಿಯಮ ಇದೆ. ಜೊತೆಗೆ ಗಂಡು ಮಕ್ಕಳಿದ್ದರೆ ವಯಸ್ಸಿನ ಮಿತಿ ಇರುತ್ತದೆ, 181ಕ್ಕೆ ಮೊದಲೇ ಕೇಳಿಕೊಳ್ಳಿ. ಮತ್ತೆ ಈ ಕೇಂದ್ರದ ಪಾಯಖಾನೆಗೆ ಚಿಲಕ ಇಲ್ಲ. ಹೆದರಿ ಬಂದ ಹೆಣ್ಣುಮಗಳು ಒಳಗೆ ಹೋಗಿ, ಒಂದು ಕೈಯಲ್ಲಿ ಬಾಗಿಲು ಹಿಡಕೊಂಡು ಕೂರಬೇಕು. ಮೂರು ಸಲ ಹೇಳಿದೆ. ಕಡೆಗೆ ಸೂಪರ್ ಮಾರ್ಕೆಟ್‌ನಿಂದ ನಾನೇ ಒಂದು ಚಿಲಕ ತಂದುಕೊಟ್ಟೆ, ಅದು ಟೇಬಲ್ ಮೇಲೇ ಇದೆ.

ಕೋರ್ಟು. ಅರ್ಜಿ ಕೊಟ್ಟು ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಅಂತ ಕಾಯ್ದೆ ಹೇಳುತ್ತದೆ. ನಮಗೆ ಮೂರು ವಾರ ಬೇಕಾಯ್ತು, ನಡುವೆ ದಸರಾ ರಜೆ ಬೇರೆ. ಮಧ್ಯಂತರ ಆದೇಶ ಬಂದಾಗ ಪ್ರತಿಗೆ ಒಬ್ಬರು 200 ರೂಪಾಯಿ ಕೇಳಿದರು. ಕಾಯ್ದೆಯ 24ನೇ ಕಲಂನಲ್ಲಿ ಅರ್ಜಿದಾರರಿಗೂ ಠಾಣೆಗೂ ಪ್ರತಿ ಪುಕ್ಕಟೆ ಅಂತ ಇದೆ, ಸಮಾಲೋಚಕಿ ಮೊದಲೇ ಹೇಳಿಕೊಟ್ಟಿದ್ದರು. ಅಷ್ಟು ಹೇಳಿದೆ, ಪ್ರತಿ ಬಂತು. ಅದನ್ನ ಲ್ಯಾಮಿನೇಶನ್ ಮಾಡಿಸಿದೆ. ಒಂದಿನ ಅವನು ಕುಡಿದು ನಮ್ಮ ಕೇಂದ್ರದ ಮುಂದೆ ಬಂದು ಕೂಗಾಡಿದ. 112ಕ್ಕೆ ಫೋನ್ ಮಾಡಿದೆವು. ಬಂದ ಪೊಲೀಸರು ಆ ಕಾಗದ ಓದಿ, ಈ ಸಲ ಬುದ್ಧಿ ಹೇಳಲಿಲ್ಲ, ಗಾಡಿ ಹತ್ತಿಸಿಕೊಂಡು ಹೋದರು. ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲ 20,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ.

ಐದಕ್ಕೆ ನಾಲ್ಕು ಸ್ಟಾರ್ ಮೊದಲ ಸಮಾಲೋಚಕಿಗೆ. ಎರಡನೆಯವರಿಗೆ ಒಂದು, ಅದೂ ಫ್ಯಾನ್ ನಮ್ಮ ಕಡೆ ತಿರುಗಿಸಿದ್ದಕ್ಕೆ.

ಒಂದು ಹೇಳುವುದು ಮರೆತಿದ್ದೆ. ಡಿಐಆರ್ ಮಾಡುವಾಗ ತವರಿನಿಂದ ಬಂದ ಸಾಮಾನು ಏನೇನು ಅಂತ ಪಟ್ಟಿ ಕೇಳಿದರು. ಬೋರಮಾಳ ಸರ, ಕಾಲುಂಗುರ, ಎರಡು ಕೊಡ, ಟ್ರಂಕು ಅಂದವಳು ಸ್ವಲ್ಪ ತಡೆದು "ರೊಟ್ಟಿ ಹಂಚು" ಅಂದಳು. ಅವಳ ಅವ್ವ ಕೊಟ್ಟದ್ದಂತೆ. ಪಕ್ಕದಲ್ಲಿದ್ದವರು ನಕ್ಕರು, ಸಮಾಲೋಚಕಿ ನಗಲಿಲ್ಲ, ಹಂಚು ಒಂದು, ಕಬ್ಬಿಣದ್ದು ಅಂತ ಬರೆದರು. ಸಾಮಾನು ವಾಪಸ್ ಕೊಡಬೇಕು ಅಂತ ಬಂದ ಆದೇಶದಲ್ಲಿ ಅದೂ ಇತ್ತು. ಪೊಲೀಸರ ಜೊತೆ ಹೋಗಿ ತಂದೆವು. ಸರ ಸಿಗಲಿಲ್ಲ, ಅತ್ತೆ ಗೊತ್ತೇ ಇಲ್ಲ ಅಂದಳು, ಅದಕ್ಕೆ ಇನ್ನೂ ತಾರೀಕು ನಡೆಯುತ್ತಿದೆ. ಹಂಚು ಸಿಕ್ಕಿತು. ಈಗ ನಮ್ಮ ಮೂಲೆ ಒಲೆ ಮೇಲಿದೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ.