ಭುಜ ಸಿಕ್ಕಿಕೊಂಡ ಹೆರಿಗೆ: ಅಭ್ಯಾಸಕ್ಕೆ ಯಾವ ಗೊಂಬೆ ಕೊಳ್ಳಬೇಕು?

ಹೆರಿಗೆ ಕಲಿಸುವ ಗೊಂಬೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದನ್ನು ಸಿಸ್ಟರ್ ಒಬ್ಬರು ಸೊಂಟಕ್ಕೆ ಕಟ್ಟಿಕೊಂಡು ತಾಯಿಯಂತೆ ಮಲಗುತ್ತಾರೆ. ಮಾಮಾನಟಾಲಿ ಈ ಜಾತಿಯದು. ಇನ್ನೊಂದನ್ನು ಮೇಜಿನ ಮೇಲಿಡಬೇಕು, ಒಳಗೆ ಗಟ್ಟಿ ಸೊಂಟದ ಎಲುಬಿರುತ್ತದೆ. ಪ್ರಾಂಪ್ಟ್ ಈ ಜಾತಿಯದು. ಸಾಮಾನ್ಯ ಹೆರಿಗೆ ಮತ್ತು ಬಾಣಂತಿಯ ರಕ್ತಸ್ರಾವ ಕಲಿಸಲು ಮೊದಲನೆಯದು ಸಾಕು. ಶೋಲ್ಡರ್ ಡಿಸ್ಟೋಸಿಯಾ, ಅಂದರೆ ತಲೆ ಬಂದ ಮೇಲೆ ಭುಜ ಸಿಕ್ಕಿಕೊಳ್ಳುವುದನ್ನು ಬಿಡಿಸಲು ಕಲಿಸುವುದಾದರೆ ಎಲುಬಿರುವ ಗೊಂಬೆಯೇ ಬೇಕು ಎಂಬುದು ನಮ್ಮ ತೀರ್ಮಾನ.

ಪಾವಗಡದ ತಾಲ್ಲೂಕು ಆಸ್ಪತ್ರೆಯಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ಸುಮಾರು 100 ಕಿ.ಮೀ. ಮಗುವಿನ ತಲೆ ಹೊರಬಂದು ಭುಜ ತಾಯಿಯ ಪ್ಯೂಬಿಕ್ ಮೂಳೆಯ (ಕಿಬ್ಬೊಟ್ಟೆಯ ಕೆಳಗೆ ಮುಂದಿರುವ ಸೊಂಟದ ಎಲುಬು) ಹಿಂದೆ ಸಿಕ್ಕಿಕೊಂಡಾಗ ಕೈಯಲ್ಲಿರುವುದು ಸುಮಾರು 5 ನಿಮಿಷ. 108 ಎಷ್ಟು ಬೇಗ ಬಂದರೂ ಉಪಯೋಗವಿಲ್ಲ. ಆಗ ಅಲ್ಲಿರುವವರೇ ಬಿಡಿಸಬೇಕು. ಮಗು ದಪ್ಪವಿದ್ದರೆ ಮಾತ್ರ ಹೀಗಾಗುತ್ತದೆ ಎಂದು ನಂಬಿ ಕೂರುವಂತೆಯೂ ಇಲ್ಲ. ಇಂಥ ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು 4 ಕಿಲೋಗಿಂತ ಕಡಿಮೆ ತೂಕದವೇ.

ಮೊದಲ ಹೆಜ್ಜೆ ಮ್ಯಾಕ್‌ರಾಬರ್ಟ್ಸ್: ಮುಕ್ಕುವುದನ್ನು ನಿಲ್ಲಿಸಲು ಹೇಳಿ, ತಾಯಿಯನ್ನು ಚಪ್ಪಟೆಯಾಗಿ ಮಲಗಿಸಿ, ಇಬ್ಬರು ಎರಡೂ ತೊಡೆಗಳನ್ನು ಹೊಟ್ಟೆಯ ಕಡೆಗೆ ಚೆನ್ನಾಗಿ ಮಡಚುವುದು. ಇದಕ್ಕೆ ಕಟ್ಟಿಕೊಳ್ಳುವ ಗೊಂಬೆಯೇ ಮೇಲು. ನಿಜವಾದ ಕಾಲು, ನಿಜವಾದ ಭಾರ. ಯಾರು ಎಲ್ಲಿ ನಿಲ್ಲಬೇಕೆಂಬುದು ಅಲ್ಲೇ ತಿಳಿಯುತ್ತದೆ. "ಅಮ್ಮಾ, ಈಗ ಮುಕ್ಕಬೇಡಿ" ಎಂದು ಹೇಳುವ ಅಭ್ಯಾಸವೂ ಆಗುತ್ತದೆ. ಎರಡನೆಯದು ಪ್ಯೂಬಿಕ್ ಮೂಳೆಯ ಮೇಲ್ಭಾಗದ ಒತ್ತಡ. ಮಗುವಿನ ಬೆನ್ನಿರುವ ಕಡೆ ನಿಂತು, ಅಂಗೈ ಬುಡದಿಂದ ಕೆಳಕ್ಕೂ ಪಕ್ಕಕ್ಕೂ 30 ಸೆಕೆಂಡು ಒತ್ತಬೇಕು. ಮೆತ್ತನೆಯ ಗೊಂಬೆಯಲ್ಲಿ ಮೂಳೆ ಎಲ್ಲಿದೆ ಎಂದೇ ಕೈಗೆ ಸಿಗುವುದಿಲ್ಲ. ಆಗ ಕೈ ತಾನಾಗಿ ಮೇಲೆ ಹೋಗಿ ಗರ್ಭಕೋಶದ ತುದಿಯನ್ನು ಒತ್ತುತ್ತದೆ. ಅದನ್ನಂತೂ ಎಂದೂ ಮಾಡಬಾರದು. ಭುಜ ಮೂಳೆಗೆ ಇನ್ನಷ್ಟು ಬಿಗಿಯಾಗುತ್ತದೆ, ಗರ್ಭಕೋಶ ಹರಿಯಲೂಬಹುದು.

ಗೊಂಬೆಯ ನಿಜವಾದ ಪರೀಕ್ಷೆ ಒಳಗೆ ಕೈ ಹಾಕಿದಾಗ. ಮಗುವಿನ ಹಿಂದಿನ ಕೈ, ಅಂದರೆ ತಾಯಿಯ ಬೆನ್ನಿನ ಕಡೆಗಿರುವ ಕೈ ತೆಗೆಯಬೇಕಾದರೆ ನಮ್ಮ ಎರಡು ಬೆರಳು ಸಾಲದು, ಇಡೀ ಕೈ ಹೋಗಬೇಕು. ಬಿಗಿ ಬಳೆ ತೊಡಿಸಿಕೊಳ್ಳುವಾಗ ಹೆಬ್ಬೆರಳನ್ನು ಒಳಗೆ ಮಡಚಿ ಕೈಯನ್ನು ಕಿರಿದು ಮಾಡುತ್ತೇವಲ್ಲ, ಹಾಗೆ. ಜಾಗವಿರುವುದು ಹಿಂದೆ, ಬೆನ್ನೆಲುಬಿನ ಬುಡದ ಗುಳಿಯಲ್ಲಿ. ಮುಂದೆ ಮೂಳೆ, ಅಲ್ಲಿ ಬೆರಳು ತೂರಿಸಿ ಫಲವಿಲ್ಲ. ಗೊಂಬೆಯಲ್ಲಿ ಈ ಗುಳಿ ಇಲ್ಲದಿದ್ದರೆ ಹಣ ವ್ಯರ್ಥ. ಮಗುವಿನ ಗೊಂಬೆಯ ಮೊಣಕೈ ಮಡಚಬೇಕು, ಮಣಿಕಟ್ಟು ಹಿಡಿತಕ್ಕೆ ಸಿಗಬೇಕು. ಏಕೆಂದರೆ ಕ್ರಮ ಇದು: ಮಣಿಕಟ್ಟು ಹಿಡಿದು, ಎದೆಯ ಮೇಲಿಂದ ಮುಖದ ಮುಂದಾಗಿ ಸವರುವಂತೆ ಹೊರತರುವುದು. ತೋಳನ್ನೇ ಎಳೆದರೆ ಅದರ ಮೂಳೆ ಮುರಿಯಬಹುದು. ಒಳಗೆ ಕೈ ಹಾಕಿ ಭುಜವನ್ನು ಓರೆಗೆ ತಿರುಗಿಸಿ ಬಿಡಿಸುವ ಇನ್ನೊಂದು ಕ್ರಮದ ಅಭ್ಯಾಸಕ್ಕೆ ಹೆಗಲೆಲುಬು ಬೆರಳಿಗೆ ತಿಳಿಯುವಂತಿರಬೇಕು.

ಕತ್ತಿನ ವಿಚಾರ ಇನ್ನೂ ಮುಖ್ಯ. ಕಂಗಾಲಾದ ಕೈ ತಲೆಯನ್ನು ಕೆಳಕ್ಕೆ ಜಗ್ಗುತ್ತದೆ, ತಿರುಚುತ್ತದೆ. ಕತ್ತಿನ ನರಗಳಿಗೆ ಪೆಟ್ಟಾಗಿ ಮಗುವಿನ ಕೈ ಜೋಲುಬೀಳಬಹುದು. ಎಳೆತದ ಬಲ ಅಳೆಯುವ ಸೌಲಭ್ಯವುಳ್ಳ ಗೊಂಬೆ ಸಿಕ್ಕರೆ ಅದನ್ನೇ ಕೊಳ್ಳಿ. ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ಎಲ್ಲ ಸಿಬ್ಬಂದಿಗೂ ಅಭ್ಯಾಸ ಕಡ್ಡಾಯ ಮಾಡಿದ ಮೇಲೆ, ಭುಜ ಸಿಕ್ಕಿಕೊಂಡ ಹೆರಿಗೆಗಳಲ್ಲಿ ಮಗುವಿಗೆ ಗಾಯವಾಗುವ ಪ್ರಮಾಣ 9.3 ಶೇಕಡದಿಂದ 2.3ಕ್ಕೆ ಇಳಿಯಿತು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಮಕ್ಕಳಿಗೂ ಅದೇ ಸಲ್ಲಬೇಕು.

ಕೆಲವು ಕಡೆ ಗೊಂಬೆಯ ಜೊತೆ ಎಪಿಸಿಯಾಟಮಿಯನ್ನೂ (ಹೆರಿಗೆಯ ದಾರಿ ಅಗಲವಾಗಲು ಯೋನಿಯ ಬಾಯಿಯ ಬಳಿ ಕತ್ತರಿಸುವುದು) ಪರಿಹಾರವೆಂಬಂತೆ ಕಲಿಸುತ್ತಾರೆ. ಅಡಚಣೆ ಮೂಳೆಯದು, ಚರ್ಮದ್ದಲ್ಲ. ಕೈ ಹೋಗಲು ಜಾಗ ಸಾಲದಿದ್ದರೆ ಮಾತ್ರ ಕತ್ತರಿ.

ನಿರ್ವಹಣೆಯ ಬಗ್ಗೆ ಎರಡು ಮಾತು. ತುಮಕೂರು, ಕೋಲಾರದ ಬೋರ್‌ವೆಲ್ ನೀರು ಗಡಸು. ನೀರು ತುಂಬುವ ಮಗುವಿನ ಗೊಂಬೆಗೆ ಅದನ್ನೇ ಹಾಕಿಟ್ಟರೆ ಮುಚ್ಚಳದಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಶುದ್ಧ ನೀರಿನ ಘಟಕದ ನೀರು ತುಂಬಿ, ಕೆಲಸವಾದ ಮೇಲೆ ಖಾಲಿ ಮಾಡಿ, ಒಣಗಿಸಿಡಿ. ಜಾರಿಕೆಗೆ ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಬೇಡಿ, ರಬ್ಬರ್ ಹಾಳಾಗುತ್ತದೆ. ನೀರಿನಲ್ಲಿ ಕರಗುವ ಜೆಲ್ಲಿ ಸಾಕು.

ಡಬ್ಬ ಬಂದ ದಿನ ಸಹಿ ಹಾಕುವ ಮುಂಚೆ, ಸಿಬ್ಬಂದಿಯಲ್ಲಿ ಅತಿ ದೊಡ್ಡ ಕೈ ಯಾರದೋ ಅವರಿಗೆ ಗ್ಲೌಸ್ ಹಾಕಿಸಿ, ಹಿಂದಿನ ಕೈಯನ್ನು ಒಂದು ಸಲ ಹೊರತರಿಸಿ ನೋಡಿ. ಬರದಿದ್ದರೆ ವಾಪಸ್ ಕಳಿಸಿ. ಬಂದರೆ ಗೊಂಬೆಯನ್ನು ಆಫೀಸಿನ ಬೀರುವಿಗೆ ಸೇರಿಸದೆ, ರಾತ್ರಿ ಪಾಳಿಯವರ ಕೈಗೆಟುಕುವಂತೆ ಲೇಬರ್ ರೂಮಿನಲ್ಲೇ ಇಡಿ, ಪಕ್ಕದಲ್ಲಿ ಗೋಡೆ ಗಡಿಯಾರವಿರಲಿ. ತಲೆ ಬಂದ ಸಮಯ, ದೇಹ ಬಂದ ಸಮಯ, ಮುಂದಿದ್ದ ಭುಜ ಎಡವೋ ಬಲವೋ: ಈ ಮೂರನ್ನು ಒಬ್ಬರು ಗಟ್ಟಿಯಾಗಿ ಕೂಗಿ ಹೇಳಿ ಬರೆಯುವುದೂ ಅಭ್ಯಾಸದ ಭಾಗವೇ.