ಬಾಡಿಗೆ ವಾಕಿ ಟಾಕಿ ಚೆನ್ನಾಗಿತ್ತು, ಸಾಂಬಾರ್ ಮಾತ್ರ ಬೇರೆಯವರದ್ದು

ಕಳೆದ ತಿಂಗಳು ದಾವಣಗೆರೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ ಇತ್ತು. ಕೆಳಗೆ ಊಟದ ಹಾಲ್, ಮೇಲೆ ಮಂಟಪ, ಪಾರ್ಕಿಂಗ್ ರಸ್ತೆಯ ಆಚೆ. ವಾಲಗ ಶುರುವಾದರೆ ಫೋನ್ ರಿಂಗ್ ಯಾರಿಗೂ ಕೇಳಿಸುವುದಿಲ್ಲ, ಕೇಳಿಸಿದರೂ ಮದುವೆ ಮನೆಯಲ್ಲಿ ಎತ್ತುವವರು ಯಾರು? ಅದಕ್ಕೇ ಪಿ.ಬಿ. ರಸ್ತೆ ಕಡೆ ಮೈಕು, ಲೈಟು ಬಾಡಿಗೆಗೆ ಕೊಡುವ ಒಂದು ಅಂಗಡಿಯಿಂದ ಆರು ವಾಕಿ ಟಾಕಿ ತಂದೆವು. ಒಂದಕ್ಕೆ ದಿನಕ್ಕೆ 150 ರೂಪಾಯಿ, ಎರಡು ದಿನಕ್ಕೆ, ಡಿಪಾಸಿಟ್ 3000.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬ್ಯಾಟರಿ ಗಟ್ಟಿ. ಬೆಳಗ್ಗೆ ಐದಕ್ಕೆ ಆನ್ ಮಾಡಿದ್ದು ರಾತ್ರಿ ಬೀಗರನ್ನು ಕಳಿಸುವವರೆಗೂ ನಡೆಯಿತು. ಧ್ವನಿ ಜೋರು. ಡಬ್ಬಿಯ ಮೇಲೆ 10 ಕಿಲೋಮೀಟರ್ ಅಂತ ಬರೆದಿತ್ತು, ಅದನ್ನು ನಂಬಬೇಡಿ. ಲೈಸೆನ್ಸ್ ಬೇಡದ ಈ ಸೆಟ್‌ಗಳ ಶಕ್ತಿ ಅರ್ಧ ವ್ಯಾಟ್ ಅಷ್ಟೇ. ಎರಡು ಕಾಂಕ್ರೀಟ್ ಸ್ಲ್ಯಾಬ್ ದಾಟಿ ಪಾರ್ಕಿಂಗ್ ತಲುಪಿತಲ್ಲ, ನಮಗೆ ಅದು ಸಾಕಿತ್ತು.

ತಕರಾರು ಒಂದಿದೆ. ಆರರಲ್ಲಿ ಐದು 446 ಮೆಗಾಹರ್ಟ್ಜ್ ರೇಡಿಯೋ ಅಲೆಯ ಸೆಟ್‌ಗಳು, ನಮ್ಮ ದೇಶದಲ್ಲಿ 446.0ರಿಂದ 446.2ರವರೆಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ಆರನೆಯದು ನಂಬರ್ ಬಟನ್ ಇರುವ ಬೇರೆ ಥರದ ಸೆಟ್, 136ರಿಂದ 174ರವರೆಗೆ ಎಲ್ಲಿ ಬೇಕಾದರೂ ಮಾತಾಡಬಹುದಾದದ್ದು. ಅಂದರೆ ಬೇರೆ ಇಲಾಖೆಗಳಿಗೆ ಕೊಟ್ಟಿರುವ ಅಲೆಗಳಿಗೂ ಮದುವೆ ಹುಡುಗರು ನುಗ್ಗಬಹುದು. ಬೇಡ ಅಂದೆ. ಅಂಗಡಿಯವರು "ಏನಾಗಲ್ಲ ಸರ್, ಎಲ್ಲರೂ ಒಯ್ತಾರೆ" ಅಂದರು. ಇಂಥ ಸೆಟ್‌ಗಳನ್ನು ಲೈಸೆನ್ಸ್ ವಿವರ ಹೇಳದೆ ಮಾರುತ್ತಿದ್ದಾರೆ ಅಂತ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ಟಿತ್ತು. ಅದನ್ನು ಹೇಳಿದ ಮೇಲೆ ಸುಮ್ನೆ ಒಳಗೆ ಹೋಗಿ ಬೇರೆ ತಂದುಕೊಟ್ಟರು.

ನನಗೆ ಹ್ಯಾಮ್ ಲೈಸೆನ್ಸ್ ಇದೆ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರದ್ದು, ಜೊತೆಗೆ ಸರ್ಕಾರ ಕೊಟ್ಟ ರೇಡಿಯೋ ಹೆಸರು, ವಿಯು3 ಅಂತ ಶುರುವಾಗುವ ಕಾಲ್ ಸೈನ್. "ನಿನ್ನ ಹತ್ರಾನೇ ಸೆಟ್ ಇದೆಯಲ್ಲೋ, ಬಾಡಿಗೆ ಯಾಕೆ ದಂಡ?" ಅಂತ ಮಾವ ಕೇಳಿದರು. ಅದನ್ನು ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟು ಮಾತಾಡಿಸುವ ಹಾಗಿಲ್ಲ, ಅದರಲ್ಲೂ ಹೋಳಿಗೆ ಲೆಕ್ಕಕ್ಕೆ ಖಂಡಿತ ಅಲ್ಲ. ಮಾವನಿಗೆ ಇದು ಜಿಪುಣತನದ ನೆವ ಅಂತಲೇ ಅನ್ನಿಸಿದೆ.

ಈಗ ಸಾಂಬಾರ್ ಕಥೆಗೆ ಬರುತ್ತೇನೆ. ಮಧ್ಯಾಹ್ನ ಒಂದೂವರೆ. ಮೊದಲ ಪಂಕ್ತಿ ಎದ್ದಿತ್ತು, ಎರಡನೆಯದಕ್ಕೆ ಎಲೆ ಹಾಕುತ್ತಿದ್ದರು. ಸೆಟ್‌ನಲ್ಲಿ ಒಂದು ಗಡಸು ಧ್ವನಿ: "ಸಾಂಬಾರ್ ಖಾಲಿ ಆಗೈತಿ, ಜನಾನ ಬಿಡಬ್ಯಾಡ್ರಿ." ಅಷ್ಟೇ. ಯಾರು, ಎಲ್ಲಿಂದ, ಯಾರಿಗೆ, ಏನೂ ಇಲ್ಲ. ಬಾಗಿಲಲ್ಲಿದ್ದ ನನ್ನ ತಮ್ಮ ಕೈ ಅಡ್ಡ ಹಾಕಿ ನಿಂತ. ಹಸಿದ ಬೀಗರು ಹತ್ತು ನಿಮಿಷ ಹೊರಗೆ. ನಾನು ಓಡಿಹೋಗಿ ನೋಡಿದರೆ ಅಡುಗೆ ಭಟ್ಟರು ಎರಡು ದೊಡ್ಡ ಕೊಳಗದ ತುಂಬ ಸಾಂಬಾರ್ ಇಟ್ಟುಕೊಂಡು ಕುರ್ಚಿ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಾರೆ! ಅದು ಹಿಂದಿನ ರಸ್ತೆಯ ಇನ್ನೊಂದು ಮದುವೆಯ ಸಾಂಬಾರ್. ಅವರದ್ದೂ ಇದೇ ಥರದ ಸೆಟ್, ಅದೂ ಒಂದನೇ ಚಾನೆಲ್. ಯಾರೂ ಬದಲಿಸದೆ ಬಿಟ್ಟರೆ ಎಲ್ಲರೂ ಸೇರುವುದು ಅಲ್ಲೇ ಅಲ್ವಾ.

ಚಾನೆಲ್ ಬದಲಿಸಿ ಕೊಡುವುದು ಅಂಗಡಿಯವರ ಕೆಲಸ, ಸರಿ. ಪ್ರೈವೆಸಿ ಕೋಡ್ ಹಾಕಿದರೆ ಆಯಿತು ಅಂತ ಕೆಲವರು ಹೇಳುತ್ತಾರೆ. ಆ ಕೋಡ್ ಇದ್ದರೆ ಬೇರೆಯವರ ಮಾತು ನಮ್ಮ ಸ್ಪೀಕರಿಗೆ ಬರುವುದಿಲ್ಲ, ಅಷ್ಟೇ. ನಮ್ಮ ಮಾತು ಬೇಕಾದವರಿಗೆ ಕೇಳುತ್ತಲೇ ಇರುತ್ತದೆ, ಇಬ್ಬರೂ ಒಟ್ಟಿಗೆ ಒತ್ತಿದರೆ ಕಲಸುಮೇಲೋಗರವೂ ಆಗುತ್ತದೆ. ಇಲ್ಲಿ ನಿಜವಾಗಿ ಬೇಕಿದ್ದದ್ದು ಹೆಸರು. ಹ್ಯಾಮ್‌ನವರಿಗೆ ಮಾತಿನ ಶುರುವಿನಲ್ಲಿ, ಕೊನೆಯಲ್ಲಿ, ಉದ್ದವಾದರೆ ನಡುವೆ ಹತ್ತು ನಿಮಿಷಕ್ಕೊಮ್ಮೆ ಕಾಲ್ ಸೈನ್ ಹೇಳುವುದು ನಿಯಮ. ಬಾಡಿಗೆ ಸೆಟ್‌ಗೆ ಆ ಕಟ್ಟುಪಾಡು ಇಲ್ಲ, ಸರ್ಕಾರ ಕೊಟ್ಟ ಹೆಸರೂ ಇಲ್ಲ. ಆದರೆ ನಾವೇ ಇಟ್ಟುಕೊಂಡರೆ ಬೇಡ ಅನ್ನುವವರು ಯಾರು?

ಸಂಜೆಯ ಆರತಕ್ಷತೆಗೆ ಇಟ್ಟೆವು. ಮೆಡಿಕಲ್ ಶಾಪಿನ ಪ್ಲಾಸ್ಟರ್ ಹರಿದು ಪ್ರತಿ ಸೆಟ್‌ಗೂ ಅಂಟಿಸಿ ಪೆನ್ನಲ್ಲಿ ಬರೆದೆವು: ಅಡುಗೆ, ಪಂಕ್ತಿ, ಮಂಟಪ, ಪಾರ್ಕಿಂಗ್, ಗೇಟ್, ಚಿಕ್ಕಪ್ಪ. ಮೊದಲು 'ಮೇಲಿನ ಹಾಲ್', 'ಕೆಳಗಿನ ಹಾಲ್' ಅಂತ ಇಟ್ಟು ನೋಡಿದ್ದೆವು, ಗಲಾಟೆಯಲ್ಲಿ ಎರಡೂ ಬರೀ 'ಹಾಲ್' ಆಗಿ ಕೇಳಿಸಿತು. ಇಂಗ್ಲಿಷಿನ ಬಿ, ಡಿ, ಪಿ, ಟಿ ಒಂದೇ ಥರ ಕೇಳಿಸುತ್ತವೆ ಅಂತಲೇ ಹ್ಯಾಮ್‌ನವರು ಬಿಗೆ ಬ್ರಾವೊ, ಡಿಗೆ ಡೆಲ್ಟಾ ಅನ್ನುವುದು. ಕರೆಯುವಾಗ ಯಾರು ಬೇಕೋ ಅವರ ಹೆಸರು ಮೊದಲು, ಆಮೇಲೆ ನಮ್ಮದು. "ಅಡುಗೆ, ಅಡುಗೆ, ಇದು ಗೇಟ್." ತನ್ನ ಹೆಸರು ಕೇಳಿದವನು ಕಿವಿ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಕರೆದವರು ಯಾರು ಅಂತಲೂ ಗೊತ್ತಾಗಿರುತ್ತದೆ.

ಇನ್ನೊಂದು ಪಾಠ ಕಲಿಸಿದ್ದು ನಮ್ಮ ಕನ್ನಡವೇ. ಗುಂಡಿ ಒತ್ತಿ ಅರೆ ಸೆಕೆಂಡ್ ತಡೆದು ಮಾತಾಡಬೇಕು, ಮಾತು ಮುಗಿದ ಮೇಲೇ ಬಿಡಬೇಕು. ಪಂಕ್ತಿಯ ಹುಡುಗ ಅವಸರದವನು, ಕೊನೆಗೆ ಬರುವಷ್ಟರಲ್ಲಿ ಬೆರಳು ಎತ್ತಿಬಿಡುತ್ತಿದ್ದ. "ಅಡುಗೆ, ಇದು ಪಂಕ್ತಿ, ಇನ್ನೂ ಹೋಳಿಗೆ ಬೇ..." ಬೇಕೋ ಬೇಡವೋ? ನಮ್ಮ ಮಾತಿನಲ್ಲಿ ಹೂಂ ಉಹೂಂ ಎರಡೂ ಕೂತಿರುವುದು ಆ ಕೊನೆಯ ಅಕ್ಷರದಲ್ಲಿ. ಭಟ್ಟರು ಕೇಳಿ ಕೇಳಿ ಬೇಸತ್ತು ಮೂರು ತಟ್ಟೆ ಹೋಳಿಗೆ ಕಳಿಸಿಯೇಬಿಟ್ಟರು. ಬೇಡವಾಗಿತ್ತಂತೆ.

ಚಿಕ್ಕಪ್ಪ ಗುಂಡಿ ಒತ್ತಿಕೊಂಡಂತೆ ಸೆಟ್ ಮೇಲೆಯೇ ಕೂತು, ಬೀಗರ ಸೀರೆ ಖರ್ಚಿನ ಲೆಕ್ಕವನ್ನು ಐದೂ ಕಡೆ ಪ್ರಸಾರ ಮಾಡಿದ್ದು ಬೇರೆ ವಿಷಯ. ಒಬ್ಬರು ಒತ್ತಿ ಹಿಡಿದರೆ ಉಳಿದವರೆಲ್ಲ ಮೂಕರು, ಹೇಳೋಣ ಅಂದರೂ ಆಗುವುದಿಲ್ಲ. ಓಡಿಹೋಗಿ ಎಬ್ಬಿಸಬೇಕಾಯಿತು.

ಮಧ್ಯಾಹ್ನದ ಆ ಹಿಂದಿನ ರಸ್ತೆಯವರಿಗೂ ಚಾನೆಲ್‌ನಲ್ಲೇ ಹೇಳಿದೆ, "ಅಣ್ಣ, ನಾವು ಏಳನೇ ಚಾನೆಲ್‌ಗೆ ಹೋಗ್ತೀವಿ, ಒಂದನೇದು ನಿಮ್ಮದೇ ಇರಲಿ." ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅದೇ ಗಡಸು ಧ್ವನಿ: "ಸಾಂಬಾರ್ ಮಿಕ್ಕರೆ ಕಳಿಸ್ರಿ." ಎರಡು ಬಕೆಟ್ ಕಳಿಸಿದೆವು.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ ಕೊಡುತ್ತೇನೆ. ಮತ್ತೆ ಬೇಕಾದರೆ ಅಲ್ಲಿಂದಲೇ ತರುತ್ತೇನೆ, ಆದರೆ ಸೆಟ್ ಒಂದೊಂದನ್ನೂ ನೋಡಿ, ಚಾನೆಲ್ ನಾನೇ ಹಾಕಿ. ವಾಪಸ್ ಕೊಡುವಾಗ ಒಂದು ಬೆಲ್ಟ್ ಕ್ಲಿಪ್ ಕಾಣಲಿಲ್ಲ ಅಂತ 120 ರೂಪಾಯಿ ಹಿಡಿದುಕೊಂಡರು. ಪ್ಲಾಸ್ಟರ್ ಅಂಟು ಕೆರೆದು ತೆಗೆಯಲು ಇನ್ನೊಂದು 50 ಕೇಳಿದರು, ಅದನ್ನು ಕೊಡಲಿಲ್ಲ.